ಒಂದೇ ಹಾಡು, ರೇಡಿಯೊದಲ್ಲಿ ಒಂದು ಶ್ರುತಿ, ಮೊಬೈಲಿನಲ್ಲಿ ಇನ್ನೊಂದು. ಯಾಕೆ?

ಪೇಟೆ ಬೀದಿ ಟೈಲರ್, ಮಂಡ್ಯ:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಪೇಟೆ ಬೀದಿಯಲ್ಲಿ ಬಟ್ಟೆ ಹೊಲಿಯುತ್ತೇನೆ. 1979ರಲ್ಲಿ, ಹದಿಮೂರನೇ ವಯಸ್ಸಿಗೆ, ಸೋದರಮಾವನ ಅಂಗಡಿಗೆ ಕಾಜಾ ಹಾಕುವ ಹುಡುಗನಾಗಿ ಸೇರಿದೆ. ಮಾವ ಹೋದ ಮೇಲೆ ಅಂಗಡಿ ನನ್ನದಾಯಿತು. ಹಳೆಯ ಹಾಡುಗಳ ಬಗ್ಗೆ ಒಂದು ಅನುಮಾನ ಆರು ತಿಂಗಳಿಂದ ತಲೆ ತಿನ್ನುತ್ತಿದೆ. ತಿಳಿದವರು ಬಿಡಿಸಿ ಹೇಳಬೇಕು.

ಮಾವನ ಅಂಗಡಿಯಲ್ಲಿ ಮರದ ಪೆಟ್ಟಿಗೆಯ ರೇಡಿಯೊ ಇತ್ತು. ಮುಳ್ಳು ಯಾವಾಗಲೂ ಬೆಂಗಳೂರು ಆಕಾಶವಾಣಿಯ 612ರ ಮೇಲೆ. ಮಾವನ ಹೊರತು ಬೇರೆ ಯಾರೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಚಿತ್ರಗೀತೆ ಶುರುವಾದರೆ ಅಂಗಡಿಯಲ್ಲಿ ಮಾತು ನಿಲ್ಲುತ್ತಿತ್ತು, ಮಿಷನ್ ನಿಲ್ಲುತ್ತಿರಲಿಲ್ಲ. ಕೈಯಲ್ಲಿ ಕಾಜಾ ಹಾಕಿದವರಿಗೆ ಗೊತ್ತಿರುತ್ತದೆ, ಒಂದು ಕಾಜಾ ಸುತ್ತ ಹೊಲಿದು ಗಂಟು ಕಟ್ಟುವಷ್ಟರಲ್ಲಿ ಒಂದು ಹಾಡು ಮುಗಿಯುತ್ತದೆ. ಶರಟಿಗೆ ಆರು ಕಾಜಾ, ಆರು ಹಾಡು. ನಾನು ಕೆಲಸ ಕಲಿತದ್ದು ಹೀಗೆ. ಆಮೇಲೆ ಪೆಡಲ್ ಮೇಲೆ ಕಾಲಿಟ್ಟಾಗಲೂ ಅಷ್ಟೇ, ಹಾಡು ಎಷ್ಟು ಜೋರಾಗಿ ಹೋಗುತ್ತದೋ ಕಾಲೂ ಅಷ್ಟೇ ಜೋರಾಗಿ ಹೋಗುತ್ತಿತ್ತು. ಎರಡು ಕನಸು ಚಿತ್ರದ 'ತಂ ನಂ ತಂ ನಂ' ಬಂದರೆ ಉದ್ದ ಹೊಲಿಗೆ ಹಾಕಲು ಚೆನ್ನ. ಅದೇ ಚಿತ್ರದ 'ಬಾಡಿಹೋದ ಬಳ್ಳಿಯಿಂದ' ಬಂದರೆ ಕಾಲರ್ ತಿರುಗಿಸುವ ಕೆಲಸ, ನಿಧಾನಕ್ಕೆ.

ಆ ಚಿತ್ರದ ಸಂಗೀತ ರಾಜನ್-ನಾಗೇಂದ್ರ ಅವರದು. 1974ರ ಚಿತ್ರ. ನಾನು ಅದನ್ನು ಥಿಯೇಟರಿನಲ್ಲಿ ನೋಡಿಲ್ಲ. ಹಾಡುಗಳನ್ನು ಮಾತ್ರ ಸಾವಿರ ಸಲ ಕೇಳಿರಬಹುದು. ಪಿ.ಬಿ. ಶ್ರೀನಿವಾಸ್ ಹಾಡುವಾಗ ಪಕ್ಕದ ಸ್ಟೂಲಿನ ಮೇಲೆ ಕುಳಿತು ಮಾತಾಡಿದ ಹಾಗಿರುತ್ತದೆ. ಕೆಳಗಿನ ಸ್ವರಕ್ಕೆ ಇಳಿದಾಗಲೂ ದನಿ ಒರಟಾಗುವುದಿಲ್ಲ. ಹೊಸ ಮಲ್ ಬಟ್ಟೆಯ ಮೇಲೆ ಕೈಯಾಡಿಸಿದ ಹಾಗೆ. 'ಎಂದೆಂದೂ ನಿನ್ನನು ಮರೆತು' ಹಾಡಿನಲ್ಲಿ ಅವರ ಜೊತೆಗೆ ವಾಣಿ ಜಯರಾಂ ಬರುತ್ತಾರೆ. ಆ ದನಿ ಬಂದ ಕೂಡಲೇ ಯಾರೋ ಕಿಟಕಿ ತೆರೆದ ಹಾಗೆ ಅನ್ನಿಸುತ್ತಿತ್ತು ನನಗೆ. ಈಗಲೂ ಅನ್ನಿಸುತ್ತದೆ.

ಇನ್ನೊಂದು ಹಾಡಿನ ಮಾತು ಹೇಳಿಬಿಡುತ್ತೇನೆ. ಬಂಗಾರದ ಮನುಷ್ಯ ಚಿತ್ರದ 'ಆಗದು ಎಂದು' ಹಾಡು. ಅದರಲ್ಲಿ ಕನ್ನಂಬಾಡಿ ಕಟ್ಟೆಯ ಮಾತು ಬರುತ್ತದೆ, ವಿಶ್ವೇಶ್ವರಯ್ಯನವರ ಹೆಸರು ಬರುತ್ತದೆ. ನಮ್ಮೂರಿನ ಗದ್ದೆಗೆ ನೀರು ಬಂದದ್ದೇ ಆ ಕಟ್ಟೆಯಿಂದ. ಆ ಸಾಲು ಬರುವಾಗ ಅಳತೆ ಕೊಡುತ್ತಿದ್ದ ರೈತರು ಸುಮ್ಮನೆ ನಿಂತುಬಿಡುತ್ತಿದ್ದರು. ಟೇಪು ಎದೆ ಸುತ್ತ ಹಿಡಿದುಕೊಂಡು ನಾನೂ ಕಾಯುತ್ತಿದ್ದೆ. ಜಿ.ಕೆ. ವೆಂಕಟೇಶ್ ಅವರ ಸಂಗೀತ ಅದು. ಮಂಡ್ಯದವರಿಗೆ ಅದು ಬರೀ ಸಿನಿಮಾ ಹಾಡಲ್ಲ.

ಈಗ ಅನುಮಾನಕ್ಕೆ ಬರುತ್ತೇನೆ. ಈ ಯುಗಾದಿಗೆ ಮಗಳು ಮೊಬೈಲಿಗೆ ಸೇರಿಸುವ ಒಂದು ಸ್ಪೀಕರ್ ತಂದುಕೊಟ್ಟಳು. ಯೂಟ್ಯೂಬಿನಲ್ಲಿ ಯಾವ ಹಾಡು ಬೇಕಾದರೂ ಸಿಗುತ್ತದೆ ಅಂತ ತೋರಿಸಿದಳು. ಮೊದಲು ಹಾಕಿಸಿದ್ದೇ 'ಎಂದೆಂದೂ ನಿನ್ನನು ಮರೆತು'. ಸಿನಿಮಾದ ದೃಶ್ಯದ ಜೊತೆಗೆ ಬಂತು. ಕೇಳುತ್ತಾ ಹೊಲಿಯಲು ಕುಳಿತೆ. ಏನೋ ಸರಿ ಹೋಗಲಿಲ್ಲ. ಕಾಲು ಮುಂದೆ ಮುಂದೆ ಓಡುತ್ತಿದೆ. ಶ್ರೀನಿವಾಸ್ ದನಿ ಸ್ವಲ್ಪ ಸಣ್ಣಗಾಗಿದೆ. ಹಾಡು ಬೇಗ ಮುಗಿದುಹೋಯಿತು. ವಯಸ್ಸಾಯಿತು, ನನ್ನ ಕಿವಿಯೇ ಕೆಟ್ಟಿರಬೇಕು ಅಂದುಕೊಂಡೆ.

ಮನೆಯಲ್ಲಿ ಹಾರ್ಮೋನಿಯಂ ಇದೆ. ನಮ್ಮ ದೊಡ್ಡಪ್ಪ ಡ್ರಾಮಾ ಮೇಷ್ಟ್ರು. ಸುತ್ತಿನ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸುತ್ತಿದ್ದರು, ಪೆಟ್ಟಿಗೆ ಅವರದ್ದೇ. ನಾನೂ ಶನಿವಾರದ ಭಜನೆಗೆ ನುಡಿಸುತ್ತೇನೆ. ರಾತ್ರಿ ಮೊಬೈಲಿನ ಹಾಡಿಗೆ ಹಾರ್ಮೋನಿಯಂನ ಮನೆ, ಅಂದರೆ ಬೆರಳಲ್ಲಿ ಒತ್ತುವ ಪಟ್ಟಿ, ಹಿಡಿಯಲು ನೋಡಿದೆ. ಯಾವ ಮನೆಗೂ ಕೂರುತ್ತಿಲ್ಲ! ಒಂದು ಮನೆ ಒತ್ತಿದರೆ ಹಾಡು ಮೇಲಿದೆ, ಪಕ್ಕದ್ದು ಒತ್ತಿದರೆ ಕೆಳಗಿದೆ. ಎರಡರ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಇದೇ ಹಾಡನ್ನು ಇದೇ ಪೆಟ್ಟಿಗೆಯಲ್ಲಿ ರೇಡಿಯೊ ಜೊತೆ ನುಡಿಸಿದವನು ನಾನು. ಆಗ ಸರಿಯಾಗಿ ಕೂರುತ್ತಿತ್ತು.

ನನ್ನ ಪ್ರಶ್ನೆ ಇಷ್ಟೇ. ಹಾಡು ಬದಲಾಗಿದೆಯೋ, ನನ್ನ ಕಿವಿ ಬದಲಾಗಿದೆಯೋ? ಬದಲಾಗಿದ್ದರೆ ಅವರು ಹಾಡಿದ್ದು ಯಾವ ಶ್ರುತಿಯಲ್ಲಿ? ಇನ್ನೊಂದು, ಕೆಲವು ಹಾಡುಗಳಿಗೆ ಸಿನಿಮಾದಲ್ಲಿ ಒಂದು ಚರಣ ಜಾಸ್ತಿ ಇದೆ. ರೇಡಿಯೊದಲ್ಲಿ ಅದನ್ನು ಕೇಳಿದ ನೆನಪೇ ಇಲ್ಲ. ಅದು ಯಾಕೆ?

ಗಂಜಾಂ ಕೇಳುಗ, ಶ್ರೀರಂಗಪಟ್ಟಣ:

ಅಣ್ಣ, ನಿಮ್ಮ ಕಿವಿ ಕೆಟ್ಟಿರಲಾರದು. ನನಗೆ ಅನ್ನಿಸುವುದು ಸ್ಪೀಕರಿನ ತೊಂದರೆ. ಚಿಕ್ಕ ಸ್ಪೀಕರಿಗೆ ಕೆಳಗಿನ ನಾದ ಹೊರಡಿಸುವ ಶಕ್ತಿ ಇಲ್ಲ. ತಬಲದ ಡಗ್ಗಾ, ದೊಡ್ಡ ಪಿಟೀಲಿನ ಗುಂಯ್ ಅನ್ನುವ ಸದ್ದು ಎಲ್ಲಾ ಅದರಲ್ಲಿ ಸತ್ತುಹೋಗುತ್ತದೆ. ಮರದ ರೇಡಿಯೊದಲ್ಲಿ ದೊಡ್ಡ ಸ್ಪೀಕರ್ ಇರುತ್ತಿತ್ತು, ಪೆಟ್ಟಿಗೆಯೂ ಜೊತೆಗೆ ನಾದ ಕೊಡುತ್ತಿತ್ತು. ಹಾಗಾಗಿ ದನಿ ಸಣ್ಣಗೆ ಕೇಳುತ್ತದೆ. ಶ್ರುತಿಯ ಲೆಕ್ಕ ನನಗೆ ಬರುವುದಿಲ್ಲ. ಹಾಡು ಮನಸ್ಸಿಗೆ ಹಿಡಿಸಿದರೆ ಸಾಕು ಅನ್ನುವವನು ನಾನು. ಕಣ್ಣು ಮುಚ್ಚಿ ಕೇಳಿ, ಎಲ್ಲಾ ಸರಿ ಅನ್ನಿಸುತ್ತದೆ.

ಆರ್ಕೆಸ್ಟ್ರಾ ಕೀಬೋರ್ಡ್, ಮದ್ದೂರು:

ಟೈಲರ್ ಅಣ್ಣ, ನಿಮ್ಮ ಕಿವಿಗೆ ಮೊದಲು ಒಂದು ನಮಸ್ಕಾರ. ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಸ್ಪೀಕರಿನದ್ದು ಬೇರೆ ವಿಷಯ, ಅದೂ ಇದೆ. ಆದರೆ ಎರಡು ಮನೆಯ ಸಂದಿಯಲ್ಲಿ ಸಿಕ್ಕಿಕೊಂಡಿದೆ ಅಂದಿರಲ್ಲ, ಕಾರಣ ಗೊತ್ತಾಗಲು ಅದೊಂದೇ ಮಾತು ಸಾಕು.

ಸಿನಿಮಾ ರೀಲು ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ ಓಡುತ್ತದೆ. ಥಿಯೇಟರಿನಲ್ಲಿ ಹಾಗೆ. ಟೀವಿಯ ಲೆಕ್ಕ ಬೇರೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅದಕ್ಕೆ ಹೊಂದುವ ಹಾಗೆ ಇಲ್ಲಿ ತಂದ ಪಾಲ್ ಪದ್ಧತಿಯ ಟೀವಿ ಸೆಕೆಂಡಿಗೆ 25 ಚಿತ್ರ ತೋರಿಸುತ್ತದೆ. ಸಿನಿಮಾವನ್ನು ಟೀವಿಗೆ, ಕ್ಯಾಸೆಟ್ಟಿಗೆ, ವಿಸಿಡಿಗೆ ಇಳಿಸುವಾಗ ಸುಲಭದ ದಾರಿ ಅಂದರೆ ರೀಲನ್ನೇ 25ರ ಲೆಕ್ಕಕ್ಕೆ ಓಡಿಸುವುದು. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಚಿತ್ರದ ಜೊತೆಗೆ ದನಿಯೂ 4 ಪರ್ಸೆಂಟ್ ಜೋರಾಗಿ ಓಡುತ್ತದೆ. ಓಡಿದರೆ ಶ್ರುತಿ ಏರುತ್ತದೆ.

ಎಷ್ಟು ಏರುತ್ತದೆ? ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಹೋಗಲು ಸುಮಾರು 6 ಪರ್ಸೆಂಟ್ ಏರಬೇಕು. 4 ಪರ್ಸೆಂಟ್ ಅಂದರೆ ಮೂರು ಪಾಲು ದಾರಿಯಲ್ಲಿ ಎರಡು ಪಾಲು ಹೋಗಿ ನಿಂತ ಹಾಗೆ. ಆ ಮನೆಯೂ ಅಲ್ಲ, ಈ ಮನೆಯೂ ಅಲ್ಲ. ನಿಮ್ಮ ಕಾಲಿಗೆ ಗೊತ್ತಾದದ್ದೂ ಇದೇ. ಮೂರೂವರೆ ನಿಮಿಷದ ಹಾಡು ಟೀವಿ ಪ್ರಿಂಟಿನಲ್ಲಿ ಸುಮಾರು 8 ಸೆಕೆಂಡ್ ಮೊದಲೇ ಮುಗಿಯುತ್ತದೆ. ಅಷ್ಟರಲ್ಲಿ ನಿಮ್ಮ ಕಾಜಾಕ್ಕೆ ಗಂಟು ಕಟ್ಟುವುದು ಬಾಕಿ ಉಳಿಯುತ್ತದೆ ಅಲ್ವಾ?

ನಾನು ಇದನ್ನು ಕಲಿತದ್ದು ಮರ್ಯಾದೆ ಹೋದ ಮೇಲೆ. ಶುರುವಿನಲ್ಲಿ ಹಾಡುಗಳನ್ನು ವಿಸಿಡಿ ನೋಡಿ ಕಲಿಯುತ್ತಿದ್ದೆ. ಶ್ರುತಿ ಸಂದಿಯಲ್ಲಿ ಬಂದರೆ ಕೀಬೋರ್ಡಿನಲ್ಲಿ ಟ್ಯೂನ್ ಮಾಡುವ ಬಟನ್ ಇದೆ, ಅದನ್ನು ಒತ್ತಿ ಸರಿ ಮಾಡಿಕೊಳ್ಳುತ್ತಿದ್ದೆ. ಒಂದು ಗಣಪತಿ ಹಬ್ಬಕ್ಕೆ ಹಾಗೇ ಟ್ಯೂನ್ ಮಾಡಿಕೊಂಡು ವೇದಿಕೆ ಹತ್ತಿದೆ. ಕೊಳಲಿನವರು ಹಿರಿಯರು. ಕೊಳಲಿಗೆ ಬಟನ್ ಎಲ್ಲಿದೆ? ಮೊದಲ ಹಾಡಿಗೇ ಅವರದೊಂದು ದಾರಿ, ನನ್ನದೊಂದು ದಾರಿ. ಜನರ ಮುಂದೆ ಹಾಡು ನಿಲ್ಲಿಸಬೇಕಾಯಿತು. ಆಮೇಲೆ ಅವರೇ ಮನೆಗೆ ಕರೆದು ಕೂರಿಸಿಕೊಂಡು ಅದೇ ಹಾಡನ್ನು ರೆಕಾರ್ಡಿನ ಕ್ಯಾಸೆಟ್ಟಿನಿಂದ ಕೇಳಿಸಿದರು. ಕೊಳಲಿಗೆ ಸರಿಯಾಗಿ ಕೂತಿತು. ವಾದ್ಯದವರೆಲ್ಲ ಒಂದೇ ಕೋಣೆಯಲ್ಲಿ ಕುಳಿತು, ಒಂದು ಶ್ರುತಿಗೆ ಸೇರಿಸಿಕೊಂಡು ನುಡಿಸಿದ ಹಾಡು ಸಂದಿಯಲ್ಲಿ ಯಾಕೆ ಬೀಳುತ್ತದಪ್ಪ ಅಂದರು ಅವರು. ಆ ಮಾತು ಇವತ್ತಿಗೂ ಮರೆತಿಲ್ಲ.

ಆಗಿನ ಕನ್ನಡ ಹಾಡುಗಳ ಧ್ವನಿಮುದ್ರಣ ಹೆಚ್ಚಾಗಿ ನಡೆಯುತ್ತಿದ್ದದ್ದು ಮದ್ರಾಸಿನಲ್ಲಿ. ಹಾಡುವವರು, ಪಿಟೀಲಿನವರು, ತಬಲದವರು ಎಲ್ಲಾ ಒಟ್ಟಿಗೆ. ಒಬ್ಬರು ತಪ್ಪಿದರೆ ಮೊದಲಿನಿಂದ ಮತ್ತೆ. ಅಷ್ಟು ಕಷ್ಟಪಟ್ಟು ಹಿಡಿದ ಶ್ರುತಿಯನ್ನು ನಾವು ತಪ್ಪಾಗಿ ಕೇಳುತ್ತಿದ್ದೇವೆ ಅನ್ನುವುದು ನನಗೂ ಬೇಜಾರಿನ ವಿಷಯ.

ಯೂಟ್ಯೂಬಿನಲ್ಲಿ ಇರುವುದೆಲ್ಲ ತಪ್ಪು ಅಂತಲ್ಲ. ರೆಕಾರ್ಡಿನಿಂದಲೋ ಮೂಲ ಟೇಪಿನಿಂದಲೋ ತೆಗೆದು ಹಾಕಿದ ಹಾಡುಗಳು ಸರಿಯಾಗಿಯೇ ಇರುತ್ತವೆ. ಒಂದೇ ಚಿತ್ರ ನಿಂತುಕೊಂಡು ಹಾಡು ಮಾತ್ರ ಬರುತ್ತದಲ್ಲ, ಅಂಥವನ್ನು ಹುಡುಕಿ. ದೃಶ್ಯ ಇರುವವನ್ನು ಅನುಮಾನದಿಂದಲೇ ಕೇಳಿ. ಬೇಕೆಂದೇ ವೇಗ ಹೆಚ್ಚು ಮಾಡಿ ಹಾಕುವವರೂ ಇದ್ದಾರೆ, ಹಕ್ಕಿನ ತಕರಾರು ಬರಬಾರದು ಅಂತ.

ಪರೀಕ್ಷೆ ಮಾಡಬೇಕಾದರೆ ಮಗಳ ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಅನ್ನುವ ಹಾಡು ತಿದ್ದುವ ಸಾಫ್ಟ್‌ವೇರ್ ಹಾಕಿಸಿ, ಅದು ಉಚಿತ. ಹಾಡನ್ನು ಅದರೊಳಗೆ ತೆರೆದು ವೇಗವನ್ನು 4 ಪರ್ಸೆಂಟ್ ಕಡಿಮೆ ಮಾಡಿ. ಸ್ಪೀಡ್ ಅನ್ನುವುದನ್ನೇ ಒತ್ತಬೇಕು, ಟೆಂಪೊ ಅಲ್ಲ. ಟೆಂಪೊ ಒತ್ತಿದರೆ ನಡೆ ಮಾತ್ರ ನಿಧಾನ ಆಗುತ್ತದೆ, ಶ್ರುತಿ ಅಲ್ಲೇ ಉಳಿಯುತ್ತದೆ. ಯೂಟ್ಯೂಬಿನಲ್ಲಿ ವೇಗ ಇಳಿಸಿದರೂ ಹಾಗೇ. ಮಾಡಿ ನೋಡಿ ಹೇಳಿ.

ಶಿವರಾಮಪೇಟೆ ಹಳಬ, ಮೈಸೂರು:

ಮದ್ದೂರಿನವರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಾನು ರಾಜನ್-ನಾಗೇಂದ್ರ ಹೆಸರು ನೋಡಿ ಬಂದೆ. ಅವರು ನಮ್ಮ ಶಿವರಾಮಪೇಟೆಯವರು ಸ್ವಾಮಿ! ತಂದೆ ರಾಜಪ್ಪನವರು ಹಾರ್ಮೋನಿಯಂ, ಕೊಳಲು ನುಡಿಸುತ್ತಿದ್ದರು. ಮೂಕಿ ಸಿನಿಮಾ ಕಾಲದಲ್ಲಿ ಪರದೆಯ ಪಕ್ಕ ಕುಳಿತು ಚಿತ್ರಕ್ಕೆ ಸಂಗೀತ ಕೊಡುತ್ತಿದ್ದವರು. ಮಕ್ಕಳಲ್ಲಿ ರಾಜನ್ ಅವರದು ಪಿಟೀಲು, ನಾಗೇಂದ್ರ ಅವರದು ಜಲತರಂಗ. ಜಲತರಂಗ ಕಲಿತವರ ಹಾಡಿನಲ್ಲಿ ಆ ಟಿಣ್ ಟಿಣ್ ಅನ್ನುವ ಚುರುಕು ಬಾರದೆ ಇರುತ್ತದೆಯೇ? 'ತಂ ನಂ ತಂ ನಂ' ಕೇಳುವಾಗ ನನಗೆ ಯಾವಾಗಲೂ ಬಟ್ಟಲುಗಳ ನೆನಪಾಗುತ್ತದೆ. ಇದು ನನ್ನ ಅನಿಸಿಕೆ. ನಾಗೇಂದ್ರ 2000ದಲ್ಲಿ ತೀರಿಕೊಂಡರು, ರಾಜನ್ 2020ರ ಅಕ್ಟೋಬರಿನಲ್ಲಿ. ಆ ದಿನ ನಮ್ಮ ಬೀದಿಯಲ್ಲಿ ನಡೆಯುವಾಗ ಮನಸ್ಸು ಭಾರವಾಗಿತ್ತು.

ಚರಣದ ಪ್ರಶ್ನೆಗೆ ನನಗೆ ತಿಳಿದದ್ದು ಹೇಳುತ್ತೇನೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮೊಫೋನ್ ತಟ್ಟೆಯಲ್ಲಿ ಒಂದು ಬದಿಗೆ ಮೂರು, ಮೂರೂವರೆ ನಿಮಿಷ ಹಿಡಿಯುತ್ತಿತ್ತು. ಹಾಡು ಅದಕ್ಕಿಂತ ಉದ್ದ ಇದ್ದರೆ ಎರಡೂ ಬದಿಗೆ ಹಾಕಬೇಕು, ಇಲ್ಲವೇ ಕತ್ತರಿಸಬೇಕು. ಆಮೇಲೆ 45ರ ಚಿಕ್ಕ ತಟ್ಟೆ ಬಂತು. ಬದಿಗೆ ಎರಡು ಹಾಡು ಹಾಕಿದರೂ ಒಂದೊಂದಕ್ಕೆ ಸಿಗುತ್ತಿದ್ದ ಜಾಗ ಹೆಚ್ಚು ಕಡಿಮೆ ಅಷ್ಟೇ. ಸಿನಿಮಾಕ್ಕೆ ಆ ಕಟ್ಟು ಇರಲಿಲ್ಲ. ದೃಶ್ಯಕ್ಕೆ ಎಷ್ಟು ಬೇಕೋ ಅಷ್ಟು. ಹಾಗಾಗಿ ಸಿನಿಮಾದಲ್ಲಿದ್ದ ಚರಣ ಕೆಲವು ಸಲ ತಟ್ಟೆಗೆ ಬರುತ್ತಲೇ ಇರಲಿಲ್ಲ. ಆಕಾಶವಾಣಿಯವರು ಹಾಕುತ್ತಿದ್ದದ್ದು ತಟ್ಟೆಯನ್ನು. ನೀವು ಕೇಳಿದ್ದೂ ಅಷ್ಟೇ.

ನನ್ನ ಹತ್ತಿರ ಎರಡು ಕನಸು ಚಿತ್ರದ ರೆಕಾರ್ಡು ಇದೆ. ಪ್ಲೇಯರಿನ ಅಂಚಿನಲ್ಲಿ ಚುಕ್ಕಿಗಳ ಸಾಲಿದೆ. ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿದಾಗ ಆ ಚುಕ್ಕಿಗಳು ನಿಂತ ಹಾಗೆ ಕಂಡರೆ ವೇಗ ಸರಿ ಇದೆ ಅಂತ ಅರ್ಥ. ಚುಕ್ಕಿ ಹಿಂದೆ ಸರಿದರೆ ನಿಧಾನ, ಮುಂದೆ ಸರಿದರೆ ಜೋರು. ನಾನು ಇದನ್ನು ನೋಡದೆ ಮುಳ್ಳು ಇಡುವವನಲ್ಲ. ಒಂದು ಭಾನುವಾರ ಹಾರ್ಮೋನಿಯಂ ತೆಗೆದುಕೊಂಡು ರೈಲು ಹತ್ತಿ ಬನ್ನಿ. ಮೂಲ ಶ್ರುತಿಯನ್ನು ನಿಮ್ಮ ಕಿವಿಯಿಂದಲೇ ಕೇಳಿ. ಊಟ ನಮ್ಮಲ್ಲೇ.

ಚಾಮರಾಜಪುರಂ ಓದುಗಿ, ಮೈಸೂರು:

ನಾನು ಸಂಗೀತ ಕಲಿತವಳಲ್ಲ, ಬರೀ ಕೇಳಿದವಳು. ನಮ್ಮ ಚಾಮರಾಜಪುರಂನಲ್ಲಿ ತ್ರಿವೇಣಿಯವರ ಮನೆ ಇದೆ. ಅಮ್ಮ ಅವರ ಕಾದಂಬರಿ ಒಂದನ್ನೂ ಬಿಟ್ಟವರಲ್ಲ. ಹಣ್ಣೆಲೆ ಚಿಗುರಿದಾಗ 1968ರಲ್ಲಿ ಸಿನಿಮಾ ಆಯಿತು. ಅದರ 'ಹೂವು ಚೆಲುವೆಲ್ಲಾ ನಂದೆಂದಿತು' ಹಾಡನ್ನು ಅಮ್ಮ ಅಡುಗೆ ಮನೆಯಲ್ಲಿ ಕಾಯಿ ತುರಿಯುತ್ತಾ ಹಾಡುತ್ತಿದ್ದರು. ಎಂ. ರಂಗರಾವ್ ಸಂಗೀತ, ಪಿ. ಸುಶೀಲಾ ದನಿ. ತ್ರಿವೇಣಿಯವರು 1963ರಲ್ಲೇ ಹೋಗಿಬಿಟ್ಟಿದ್ದರು. ತಮ್ಮ ಒಂದು ಕಥೆಯೂ ತೆರೆಯ ಮೇಲೆ ಬಂದದ್ದನ್ನು ಅವರು ನೋಡಲಿಲ್ಲ. ಅಮ್ಮ ಪ್ರತಿ ಸಲವೂ ಈ ಮಾತು ಹೇಳಿ ನಿಟ್ಟುಸಿರು ಬಿಡುತ್ತಿದ್ದರು. ಆ ಹಾಡು ಕೇಳಿದರೆ ನನಗೆ ಈಗಲೂ ಹಸಿ ತೆಂಗಿನಕಾಯಿ ವಾಸನೆ ಬರುತ್ತದೆ.

ಶ್ರುತಿಯ ಮಾತು ಬಂದದ್ದಕ್ಕೆ ಒಂದು ನೆನಪು. 2017ರ ಅಕ್ಟೋಬರ್ 28ರಂದು ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಎಸ್. ಜಾನಕಿ ಹಾಡಿದರು. ಇದೇ ಕೊನೆ, ಇನ್ನು ವೇದಿಕೆಯಲ್ಲಿ ಹಾಡುವುದಿಲ್ಲ ಅಂತ ಮೊದಲೇ ತಿಳಿಸಿದ್ದರು. ಆಗ ಅವರಿಗೆ 79. ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಮೆಟ್ಟಿಲ ಮೇಲೆ ಶಾಲು ಹೊದ್ದು ಕುಳಿತಿದ್ದೆವು. ಜಾನಕಮ್ಮ ಹಾಡಲು ಶುರು ಮಾಡಿದ ಮೇಲೆ ಅಮ್ಮ ನನ್ನ ಕೈ ಹಿಡಿದವರು ಬಿಡಲೇ ಇಲ್ಲ. ಹಳೆಯ ರೆಕಾರ್ಡಿನ ಹಾಗೆ ಇತ್ತೇ ಅಂತ ಕೇಳಿದರೆ ಇಲ್ಲ ಅನ್ನಬೇಕು. ಆದರೆ ನಾವು ಯಾರೂ ಅಳತೆ ಮಾಡಲು ಹೋಗಿರಲಿಲ್ಲ. ಕೃತಜ್ಞತೆ ಹೇಳಲು ಹೋಗಿದ್ದೆವು.

ಕೀಬೋರ್ಡಿನವರಿಗೆ ಒಂದು ಪ್ರಶ್ನೆ. ವಯಸ್ಸಾದವರು ಹಾಡುವಾಗ ನೀವು ಶ್ರುತಿ ಇಳಿಸುತ್ತೀರಾ?

ಆರ್ಕೆಸ್ಟ್ರಾ ಕೀಬೋರ್ಡ್, ಮದ್ದೂರು:

ಇಳಿಸುತ್ತೇವೆ ಮೇಡಂ. ಒಂದು ಮನೆ, ಎರಡು ಮನೆ, ಕೆಲವರಿಗೆ ಮೂರು. ಹಾಡುವವರ ಗಂಟಲಿಗೆ ಹೊಂದುವ ಹಾಗೆ ಇಳಿಸುವುದು ತಪ್ಪಲ್ಲ, ಅದು ನಾವು ಕೊಡುವ ಗೌರವ. ಎಲ್ಲರೂ ತಿಳಿದೇ ಇಳಿಸುತ್ತಾರೆ, ಎಲ್ಲಾ ವಾದ್ಯವೂ ಒಟ್ಟಿಗೆ ಇಳಿಯುತ್ತದೆ. ಟೀವಿ ಪ್ರಿಂಟಿನಲ್ಲಿ ಆಗಿರುವುದು ಹಾಗಲ್ಲ. ಹಾಡಿದವರನ್ನು ಯಾರೂ ಕೇಳಲೇ ಇಲ್ಲ.

ಪೇಟೆ ಬೀದಿ ಟೈಲರ್, ಮಂಡ್ಯ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಹತ್ತು ದಿನ ಆಯಿತು, ಮದುವೆ ಬಟ್ಟೆಗಳ ಕೆಲಸ ಇತ್ತು. ಈಗ ಪೂರ್ತಿ ಬರೆಯುತ್ತೇನೆ.

ಮೊದಲು ಮಗಳು ಆಡಾಸಿಟಿಯಲ್ಲಿ 4 ಪರ್ಸೆಂಟ್ ಇಳಿಸಿದಳು. 'ಎಂದೆಂದೂ ನಿನ್ನನು ಮರೆತು' ಹಾಕಿದೆವು. ಹಾರ್ಮೋನಿಯಂ ಒತ್ತಿದೆ. ಕೂತಿತು! ಗುಂಡಿ ಕಾಜಾದೊಳಗೆ ಹೋದ ಹಾಗೆ ಕೂತಿತು. ಮಿಷನ್ ಮೇಲೆ ಕುಳಿತು ಮತ್ತೆ ಕೇಳಿದೆ. ಕಾಲು ಓಡಲಿಲ್ಲ. ಶ್ರೀನಿವಾಸ್ ತಮ್ಮ ದನಿಗೆ ವಾಪಸ್ ಬಂದರು. ಹೆಂಡತಿ ಒಳಗಿನಿಂದ ಬಂದು, ಇದು ನಮ್ಮ ರೇಡಿಯೊ ಹಾಡು ಅಲ್ವಾ ಅಂದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ.

ಆಮೇಲೆ ನೆನಪಾಯಿತು. ಹುಡುಗನಾಗಿದ್ದಾಗ ಯಾವ ಹಾಡಿಗೆ ಯಾವ ಮನೆ ಅಂತ ಅಂಗಡಿಯ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದೆ. ಮಾವನ ಕಾಲದ ಪುಸ್ತಕಗಳನ್ನು ನಾನು ಬಿಸಾಡಿಲ್ಲ. ಅಟ್ಟದ ಟ್ರಂಕಿನಲ್ಲಿ ಹುಡುಕಿದೆ. ಸಿಕ್ಕಿತು. ಎದೆ, ಸೊಂಟ, ತೋಳು ಅಂತ ಊರವರ ಅಳತೆ ಮುಂದಿನ ಹಾಳೆಗಳಲ್ಲಿ, ಹಿಂದೆ ಹಾಡಿನ ಹೆಸರು, ಪಕ್ಕದಲ್ಲಿ ಕಪ್ಪು ಇಷ್ಟು, ಬಿಳಿ ಇಷ್ಟು. ಎರಡು ಕನಸು ಚಿತ್ರದ ನಾಲ್ಕು ಹಾಡು ಇವೆ. ಜಾನಕಮ್ಮನವರ 'ಪೂಜಿಸಲೆಂದೇ ಹೂಗಳ ತಂದೆ' ಅದರಲ್ಲಿ ಮೊದಲನೆಯದು.

ಪುಸ್ತಕ, ಪೆಟ್ಟಿಗೆ ಎರಡೂ ಹಿಡಿದು ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಮೈಸೂರಿಗೆ ಹೋದೆ. ಶಿವರಾಮಪೇಟೆಯ ಹಿರಿಯರು ಬಾಗಿಲಲ್ಲೇ ಕಾಯುತ್ತಿದ್ದರು. ಟ್ಯೂಬ್‌ಲೈಟ್ ಹಾಕಿ ಚುಕ್ಕಿ ತೋರಿಸಿದರು. ನಿಜವಾಗಿಯೂ ನಿಂತಿದ್ದವು. ತಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಅಂಚಿನಿಂದ ಅಂಚಿಗೆ ಒರೆಸಿ ಮುಳ್ಳು ಇಟ್ಟರು. ಮೊದಲು ಚರಚರ ಸದ್ದು, ಆಮೇಲೆ ಹಾಡು. ನಲವತ್ತು ವರ್ಷದ ಮೇಲೆ ತಟ್ಟೆಯಿಂದ ಬರುವ ದನಿ ಕೇಳಿದೆ. ನನಗೆ ಮಾತು ಹೊರಡಲಿಲ್ಲ.

ಮೂರು ಹಾಡು ಪುಸ್ತಕದಲ್ಲಿ ಬರೆದ ಮನೆಗೇ ಸರಿಯಾಗಿ ಬಂದವು, ಕೂದಲೆಳೆಯಷ್ಟು ಆಚೀಚೆ. ಪೆಟ್ಟಿಗೆಯೂ ಹಳೆಯದಲ್ಲವೇ. ನಾಲ್ಕನೆಯದು ಮಾತ್ರ ಬರಲಿಲ್ಲ. 'ಬಾಡಿಹೋದ ಬಳ್ಳಿಯಿಂದ'. ನನ್ನ ಪುಸ್ತಕದಲ್ಲಿ ಬರೆದ ಮನೆಗಿಂತ ತಟ್ಟೆಯ ಹಾಡು ಪೂರ್ತಿ ಒಂದು ಮನೆ ಮೇಲಿದೆ. ಚುಕ್ಕಿ ಮತ್ತೆ ನೋಡಿದೆವು. ನಿಂತೇ ಇದೆ. ಆ ಹಾಡು ನನಗೆ ಎಲ್ಲಕ್ಕಿಂತ ಹೆಚ್ಚು. ಅದೇ ತಪ್ಪಿದೆ. ಯಾಕಿರಬಹುದು?

ಆರ್ಕೆಸ್ಟ್ರಾ ಕೀಬೋರ್ಡ್, ಮದ್ದೂರು:

ಅಣ್ಣ, ಆ ಒಂದು ಹಾಡನ್ನು ರೇಡಿಯೊದಿಂದ ಕಲಿತಿರಾ, ಟೇಪ್ ರೆಕಾರ್ಡರಿನಿಂದ ಕಲಿತಿರಾ? ನೆನಪು ಮಾಡಿಕೊಳ್ಳಿ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಸರಿಯಬೇಕು. ಒಳಗೆ ರಬ್ಬರ್ ಬೆಲ್ಟ್ ಇರುತ್ತದೆ. ಅದು ಸಡಿಲ ಆಗಿ ಜಾರಲು ಶುರುವಾದರೆ, ಇಲ್ಲವೇ ಸೆಲ್ ಇಳಿದು ಮೋಟಾರಿಗೆ ಶಕ್ತಿ ಸಾಲದಿದ್ದರೆ, ಟೇಪು ನಿಧಾನ ಆಗುತ್ತದೆ. ನಿಧಾನ ಆದರೆ ಶ್ರುತಿ ಕೆಳಗೆ. ಒಂದು ಮನೆ ಇಳಿಯುವುದು ದೊಡ್ಡ ಮಾತಲ್ಲ. ಮೆಲ್ಲಗೆ ಹಾಳಾಗುವುದರಿಂದ ದಿನಾ ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

ಪೇಟೆ ಬೀದಿ ಟೈಲರ್, ಮಂಡ್ಯ:

ಟೇಪ್ ರೆಕಾರ್ಡರ್. ನೀವು ಕೇಳಿದ ತಕ್ಷಣ ನೆನಪಾಯಿತು. ಮಾವ ಕಾಯಿಲೆ ಬಿದ್ದ ವರ್ಷ ಅಂಗಡಿಗೆ ಒಂದು ಹಳೆಯ ಟೂ ಇನ್ ಒನ್ ತಂದಿದ್ದರು. ಅವರಿಗೆ ಈ ಹಾಡು ಬೇಕಿತ್ತು, ರೇಡಿಯೊದಲ್ಲಿ ಬರುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಮಧ್ಯಾಹ್ನ ಕಟಿಂಗ್ ಟೇಬಲ್ ಮೇಲೆಯೇ ಮಲಗಿ ಅದನ್ನು ಮತ್ತೆ ಮತ್ತೆ ಹಾಕಿಸುತ್ತಿದ್ದರು. ನಾನು ಆಗ ಪೆಟ್ಟಿಗೆ ತಂದು ಮನೆ ಹಿಡಿದು ಬರೆದುಕೊಂಡದ್ದು. ಅಂದರೆ ನನಗೆ ಗೊತ್ತಿದ್ದ ಆ ನಿಧಾನ, ಆ ಇಳಿದ ದನಿ, ಬೆಲ್ಟ್ ಸಡಿಲ ಆಗಿದ್ದಕ್ಕೆ ಬಂದದ್ದು.

ಒಂದು ರಾತ್ರಿ ಇದೇ ಯೋಚನೆಯಲ್ಲಿ ನಿದ್ದೆ ಬರಲಿಲ್ಲ. ಟೀವಿಯವರ ತಪ್ಪು ಹುಡುಕಲು ಹೊರಟವನು ನಾನು. ನನ್ನ ಪ್ರಾಣದಂಥ ಹಾಡನ್ನೇ ಅಷ್ಟು ವರ್ಷ ತಪ್ಪಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಬೆಳಿಗ್ಗೆ ಅಂಗಡಿ ತೆರೆದು, ಮೈಸೂರಿನಿಂದ ಮೊಬೈಲಿನಲ್ಲಿ ತುಂಬಿಸಿಕೊಂಡು ಬಂದ ತಟ್ಟೆಯ ಹಾಡನ್ನು ಹಾಕಿದೆ. ಮೂರು ಸಲ ಕೇಳಿದೆ. ಮೂರನೇ ಸಲಕ್ಕೆ ಬೇರೆ ಒಂದು ಕೇಳಿಸಿತು. ನನ್ನ ಕ್ಯಾಸೆಟ್ಟಿನಲ್ಲಿ ಶ್ರೀನಿವಾಸ್ ಸೋತು ಕುಳಿತವರ ಹಾಗಿದ್ದರು. ತಟ್ಟೆಯಲ್ಲಿ ಹಾಗಿಲ್ಲ. ದುಃಖ ಇದೆ, ಆದರೆ ಉಸಿರು ಗಟ್ಟಿಯಾಗಿದೆ. ಸಾಲಿನ ಕೊನೆಯನ್ನು ಕೈಬಿಡದೆ ಹಿಡಿದು ನಿಲ್ಲಿಸುತ್ತಾರೆ. ನನ್ನ ಕ್ಯಾಸೆಟ್ಟಿನಲ್ಲಿ ಆ ಜಾಗ ಕರಗಿ ಹೋಗಿತ್ತು. ಪಿಟೀಲುಗಳು ಒಟ್ಟಿಗೆ ಎತ್ತುವುದು ಈಗ ಬಿಡಿಬಿಡಿಯಾಗಿ ಕೇಳುತ್ತದೆ. ಮಾವ ಇದ್ದಿದ್ದರೆ ಅವರಿಗೆ ಇದನ್ನು ಕೇಳಿಸಬೇಕಿತ್ತು.

ಅಳತೆ ಪುಸ್ತಕದಲ್ಲಿ ಹಳೆಯದನ್ನು ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ 'ತಟ್ಟೆ' ಅಂತ ಬರೆದು ಸರಿಯಾದ ಮನೆ ಗುರುತು ಮಾಡಿದೆ. ಶನಿವಾರ ಭಜನೆ ಮುಗಿದ ಮೇಲೆ ಹುಡುಗರಿಗೆ ಆ ಮನೆಯಲ್ಲೇ ನುಡಿಸಿ ತೋರಿಸಿದೆ.

ಪುಸ್ತಕದಲ್ಲಿ ಇನ್ನೂ ಹದಿನಾರು ಹಾಡಿವೆ. ಯಾವುದು ರೇಡಿಯೊದಿಂದ, ಯಾವುದು ಆ ಟೇಪಿನಿಂದ ಅಂತ ಬರೆದಿಲ್ಲ. ಒಂದೊಂದಾಗಿ ನೋಡಬೇಕು. ನ್ಯಾಯವೇ ದೇವರು ಚಿತ್ರದ 'ಆಕಾಶವೇ ಬೀಳಲಿ ಮೇಲೆ', ಬಯಲು ದಾರಿ ಚಿತ್ರದ 'ಬಾನಲ್ಲು ನೀನೆ', ಬಂಗಾರದ ಮನುಷ್ಯ ಚಿತ್ರದ ಹಾಡುಗಳು, ಇವುಗಳ ತಟ್ಟೆ ಮೈಸೂರು ಮಂಡ್ಯ ಕಡೆ ಯಾರ ಮನೆಯಲ್ಲಾದರೂ ಇದೆಯಾ? ಪೆಟ್ಟಿಗೆ ಹೊತ್ತು ನಾನೇ ಬರುತ್ತೇನೆ.

ಶಿವರಾಮಪೇಟೆ ಹಳಬ, ಮೈಸೂರು:

ಬಂಗಾರದ ಮನುಷ್ಯ ನನ್ನಲ್ಲೇ ಇದೆ, ದೊಡ್ಡ ತಟ್ಟೆ. ಒಂದು ಕಡೆ ಗೀರು ಬಿದ್ದಿದೆ, ಆದರೆ ಕನ್ನಂಬಾಡಿಯ ಸಾಲು ಚೆನ್ನಾಗಿ ಕೇಳುತ್ತದೆ. ಭಾನುವಾರ ಹತ್ತು ಗಂಟೆಗೆ ಬನ್ನಿ. ಮದ್ದೂರಿನವರನ್ನೂ ಕರೆದುಕೊಂಡು ಬನ್ನಿ, ಅವರು ಬರುವ ರೈಲನ್ನೇ ನೀವು ಮಂಡ್ಯದಲ್ಲಿ ಹತ್ತಿಕೊಳ್ಳಿ.